ಚೌಕ ತಿರುಗಿದರೆ ಡೈಮಂಡ್ ಆಗುವುದಿಲ್ಲ ಮಾರಾಯ್ರೆ

ಒಂದು ಕಾಗದದಲ್ಲಿ ಚೌಕ ಬರೆಯಿರಿ. ಮೂಲೆ ಕೆಳಗೆ ಬರುವ ಹಾಗೆ ಕಾಗದ ತಿರುಗಿಸಿ ಮಕ್ಕಳಿಗೆ ತೋರಿಸಿ, "ಇದೆಂತ?" ಅಂತ ಕೇಳಿ. ಹೆಚ್ಚಿನವರು "ಡೈಮಂಡ್" ಅಂತಾರೆ. ಕಾಗದ ನೇರ ಮಾಡಿದ ಕೂಡಲೇ "ಈಗ ಚೌಕ" ಅಂತಾರೆ! ಹೈಸ್ಕೂಲಿನ ಮಕ್ಕಳೂ ಇದಕ್ಕೆ ಹೊರತಲ್ಲ. ದೊಡ್ಡವರನ್ನು ಕೇಳಲು ಹೋಗಬೇಡಿ, ಸುಮ್ನೆ ಮನಸ್ತಾಪ.

ಉಡುಪಿಯಲ್ಲಿ ಆಚೀಚೆ ಮನೆಯ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡುವವಳು ನಾನು. ನೋಡಿ ನೋಡಿ ನನಗೆ ಅನಿಸಿದ್ದು ಇಷ್ಟು. ರೇಖಾಗಣಿತದಲ್ಲಿ ನಾವು ಮಕ್ಕಳಿಗೆ ಹೆಸರು ಕೊಡುತ್ತೇವೆ, ಚಿತ್ರ ಕೊಡುತ್ತೇವೆ, ಆ ಹೆಸರಿನ ಷರತ್ತು ಏನು ಅಂತ ಮಾತ್ರ ಕೂತು ಹೇಳುವುದಿಲ್ಲ. ನಾಲ್ಕು ಬಾಹು ಸಮ, ನಾಲ್ಕೂ ಕೋನ 90 ಡಿಗ್ರಿ. ಇಷ್ಟಿದ್ದರೆ ಚೌಕ. ಅದು ನೆಟ್ಟಗೆ ನಿಂತಿದೆಯೋ ಮೂಲೆಯ ಮೇಲೆ ಕೂತಿದೆಯೋ ಅನ್ನುವುದು ಷರತ್ತಿನಲ್ಲೇ ಇಲ್ಲ. ಆದರೆ ಮಗು ಕಂಡದ್ದೆಲ್ಲ ನೆಟ್ಟಗೆ ನಿಂತ ಚೌಕ, ಪಾದ ಕೆಳಗಿರುವ ತ್ರಿಭುಜ. ಹಾಗಾಗಿ ನಿಂತ ಭಂಗಿಯೂ ಷರತ್ತಿನ ಒಳಗೆ ಸೇರಿಕೊಳ್ಳುತ್ತದೆ.

ಇನ್ನೊಂದು ದೊಡ್ಡ ಜಗಳ ಚೌಕ ಆಯತ ಹೌದಾ ಅಲ್ವಾ ಅನ್ನುವುದು. ಆಯತಕ್ಕೆ ಬೇಕಾದ್ದು ನಾಲ್ಕು ಲಂಬಕೋನ. ಚೌಕದಲ್ಲಿ ನಾಲ್ಕೂ ಇವೆ, ಹಾಗಾಗಿ ಆಯತ ಹೌದು. ವಜ್ರಾಕೃತಿಗೆ, ಅಂದರೆ ಮಕ್ಕಳ ಡೈಮಂಡಿಗೆ, ಬೇಕಾದ್ದು ನಾಲ್ಕು ಸಮ ಬಾಹು. ಅದೂ ಇದೆ. ಅಂದರೆ ಮೂಲೆಯ ಮೇಲೆ ಕೂತ ಚೌಕವನ್ನು ಡೈಮಂಡ್ ಅಂದ ಮಗು ಪೂರ್ತಿ ತಪ್ಪಲ್ಲ. ನೆಟ್ಟಗೆ ಮಾಡಿದಾಗ ಅದು ವಜ್ರಾಕೃತಿ ಅಲ್ಲ ಅಂದುಕೊಂಡದ್ದು ತಪ್ಪು.

ತಮಾಷೆ ಅಂದರೆ, ಸುಮಾರು 2300 ವರ್ಷ ಹಿಂದೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೂಡ ಮಕ್ಕಳ ಹಾಗೇ ಹೇಳಿದ್ದ. ಅವನ ವ್ಯಾಖ್ಯೆಯಲ್ಲಿ ಚೌಕ ಬೇರೆ, ಬಾಹುಗಳು ಸಮ ಇಲ್ಲದ ಆಯತ ಬೇರೆ, ಲಂಬಕೋನ ಇಲ್ಲದ ವಜ್ರಾಕೃತಿ ಬೇರೆ. ಈಗಿನವರು ಇದನ್ನು ಬದಲಾಯಿಸಿದ್ದು ಸುಮ್ನೆ ಅಲ್ಲ. ಸಮಾಂತರ ಚತುರ್ಭುಜದ (ಎದುರುಬದುರು ಬಾಹುಗಳು ಸಮಾಂತರ ಇರುವ ಆಕೃತಿ) ಕರ್ಣಗಳು, ಅಂದರೆ ಎದುರು ಮೂಲೆಗಳನ್ನು ಸೇರಿಸುವ ಗೆರೆಗಳು, ಒಂದನ್ನೊಂದು ಸರಿ ಅರ್ಧ ಮಾಡುತ್ತವೆ ಅಂತ ಒಮ್ಮೆ ಸಾಧಿಸಿದರೆ ಸಾಕು. ಆಯತ, ವಜ್ರಾಕೃತಿ, ಚೌಕ ಎಲ್ಲಕ್ಕೂ ಅದು ತಾನಾಗಿ ಸಿಗುತ್ತದೆ. ಬೇರೆ ಬೇರೆ ಡಬ್ಬಿಗೆ ಹಾಕಿದರೆ ಪ್ರತಿಯೊಂದಕ್ಕೂ ಮತ್ತೆ ಸಾಧಿಸಬೇಕು. ಯಾರಿಗೆ ಬೇಕು ಆ ಕೆಲಸ?

ಕೋನಕ್ಕೆ ಬನ್ನಿ. ಪುಸ್ತಕದಲ್ಲಿ ಪುಟ್ಟದೊಂದು ಕೋನ ಇರುತ್ತದೆ. ಕೋನಮಾಪಕ ಇಟ್ಟರೆ ಅದರ ಬಾಹು ಅಂಕೆಗಳವರೆಗೆ ಮುಟ್ಟುವುದಿಲ್ಲ. ಆಗ ಹುಡುಗಿ ಪೆನ್ಸಿಲ್ ಹಿಡಿದು ಸುಮ್ಮನೆ ಕೂರುತ್ತಾಳೆ. "ಸ್ಕೇಲ್ ಇಟ್ಟು ಗೆರೆ ಉದ್ದ ಮಾಡು ಮಾರಾಯ್ತಿ" ಅಂದರೆ, "ಉದ್ದ ಮಾಡಿದ್ರೆ ಕೋನ ದೊಡ್ಡದಾಗುದಿಲ್ವಾ ಟೀಚರ್?" ಅಂತ ಕೇಳುತ್ತಾಳೆ. ಇದು ದಡ್ಡತನದ ಪ್ರಶ್ನೆ ಅಲ್ಲವೇ ಅಲ್ಲ. ಕೋನ ಅಂದರೆ ಎರಡು ಕಿರಣಗಳ ನಡುವೆ ಎಷ್ಟು ತಿರುವು ಇದೆ ಅನ್ನುವುದು, ಗೆರೆಯ ಉದ್ದ ಅಲ್ಲ, ಅಂತ ಯಾರೂ ಅವಳಿಗೆ ಹೇಳಿಲ್ಲ ಅಷ್ಟೆ. ಗೆರೆ ಉದ್ದ ಮಾಡಿಸಿ, ಮೊದಲು ಒಮ್ಮೆ, ಆಮೇಲೆ ಒಮ್ಮೆ ಅಳೆಯಿಸಿ. ಮುಖ ನೋಡಬೇಕು ಆಗ.

ಕೋನಮಾಪಕದಲ್ಲಿ ಅಂಕೆಗಳ ಎರಡು ಸಾಲು ಇರುವುದು ಇನ್ನೊಂದು ತಲೆನೋವು. ಒಂದು ಎಡದಿಂದ, ಒಂದು ಬಲದಿಂದ. 50 ಓದಬೇಕಾದಲ್ಲಿ 130 ಓದಿ ಬರೆದುಬಿಡುತ್ತಾರೆ. ಇಲ್ಲಿ ಹೆಸರು ನಿಜವಾಗಿ ಉಪಕಾರಕ್ಕೆ ಬರುತ್ತದೆ. ಅಳೆಯುವ ಮೊದಲೇ "ಇದು ಲಂಬಕೋನಕ್ಕಿಂತ ಸಣ್ಣದು, ಲಘುಕೋನ" ಅಂತ ಬಾಯಲ್ಲಿ ಹೇಳಿಸಿದರೆ, 130 ಬಂದಾಗ ಮಗುವೇ ತಡೆಯುತ್ತದೆ. ಲಘುಕೋನ 90ಕ್ಕಿಂತ ಕಡಿಮೆ, ವಿಶಾಲಕೋನ 90ಕ್ಕಿಂತ ಜಾಸ್ತಿ 180ಕ್ಕಿಂತ ಕಡಿಮೆ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿಸುತ್ತೇವಲ್ಲ, ಅದರ ಉಪಯೋಗ ಇಲ್ಲಿದೆ.

ವೃತ್ತಕ್ಕೆ ನಮ್ಮಲ್ಲಿ ನೀರುದೋಸೆ ಇದೆ. ಕಾವಲಿಗೆ ಎರೆದಾಗ ಅದರ ಅಂಚು ಹೇಗೆಂದರೆ ಹಾಗೆ ಹೋಗುತ್ತದೆ, ಗೊತ್ತು. ಸರೀ ದುಂಡಗೆ ಬಂದಿದೆ ಅಂದುಕೊಳ್ಳಿ. ಅರ್ಧಕ್ಕೆ ಸರಿಯಾಗಿ ಮಡಚಿದರೆ ಆ ಮಡಿಕೆ ವ್ಯಾಸ. ಇನ್ನೊಮ್ಮೆ ಅರ್ಧಕ್ಕೆ ಮಡಚಿದರೆ ಸಿಗುವುದನ್ನು ಎಲ್ಲರೂ ತ್ರಿಕೋನ ಅಂತಾರೆ. ಅಲ್ಲ! ಎರಡು ಬದಿ ನೆಟ್ಟಗಿವೆ, ಅವು ತ್ರಿಜ್ಯಗಳು. ಮೂರನೆಯದು ಬಾಗಿದ ಕಂಸ. ತ್ರಿಭುಜಕ್ಕೆ ಮೂರೂ ನೇರ ಬೇಕು. ಇದರ ಹೆಸರು ತ್ರಿಜ್ಯಾಂತರ ಖಂಡ. ಕೇಂದ್ರ ತಪ್ಪಿಸಿ ಅಂಚನ್ನು ಮಾತ್ರ ಮಡಚಿದರೆ ಮಡಿಕೆ ಜ್ಯಾ, ಮಡಚಿದ ತುಂಡು ವೃತ್ತಖಂಡ. ಈ ಎರಡು ಖಂಡಗಳನ್ನು ಅದಲುಬದಲು ಮಾಡದ ಮಕ್ಕಳು ಕಡಿಮೆ. ದೋಸೆ ಮಡಚಿ ತೋರಿಸಿದ ಮೇಲೆ ಆ ಗೊಂದಲ ಉಳಿಯುವುದಿಲ್ಲ. ಅಂದಹಾಗೆ ವ್ಯಾಸವೂ ಒಂದು ಜ್ಯಾವೇ, ಎಲ್ಲಕ್ಕಿಂತ ಉದ್ದದ್ದು. ಮತ್ತೆ ಅದೇ ಚೌಕ-ಆಯತದ ಕಥೆ.

ಬಹುಭುಜಾಕೃತಿಗೆ ಮಾತ್ರ ಮನೆಯಲ್ಲಿ ಕೂತರೆ ಆಗದು, ಮಲ್ಪೆಗೆ ಹೋಗಬೇಕು. ಷಡ್ಭುಜ ಬರೆ ಅಂದರೆ ಮಕ್ಕಳು ಜೇನುಗೂಡಿನದ್ದೇ ಬರೆಯುತ್ತಾರೆ. ಆರೂ ಬಾಹು ಸಮ, ಆರೂ ಕೋನ 120. ಅದು ಸಮಷಡ್ಭುಜ. ಬರೀ ಷಡ್ಭುಜಕ್ಕೆ ಆರು ನೇರ ಬಾಹುಗಳ ಮುಚ್ಚಿದ ಆಕೃತಿ ಆದರೆ ಸಾಕು. ಮಲ್ಪೆಯಿಂದ ಬೋಟಿನಲ್ಲಿ ಹೋಗುವ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳ ತಲೆ ನೋಡಿ. ಕೆಲವಕ್ಕೆ ಐದು ಬದಿ, ತುಂಬಾ ಕಲ್ಲುಗಳಿಗೆ ಆರು, ಅಲ್ಲೊಂದು ಇಲ್ಲೊಂದು ಏಳು. ಒಂದು ಬದಿ ಗೇಣುದ್ದ ಇದ್ದರೆ ಪಕ್ಕದ್ದು ಅದರ ಅರ್ಧವೂ ಇಲ್ಲ. ಎಲ್ಲವೂ ಸೊಟ್ಟ, ಎಲ್ಲವೂ ಅಪ್ಪಟ ಬಹುಭುಜಾಕೃತಿ.

ಸುಮಾರು 9 ಕೋಟಿ ವರ್ಷ ಹಿಂದಿನ ಲಾವಾ ಅದು. ತಣ್ಣಗಾಗುತ್ತಾ ಕುಗ್ಗಿತು, ಕುಗ್ಗಿದಾಗ ಬೇಸಿಗೆಯ ಗದ್ದೆಯ ಹಾಗೆ ಬಿರುಕು ಬಿಟ್ಟಿತು. ಬಿರುಕು ಮೇಲಿನಿಂದ ಒಳಕ್ಕೆ ಇಳಿದಂತೆ ಕಂಬಗಳಾದವು. ಒಂದು ಬಿಂದುವಿನಲ್ಲಿ ಮೂರು ಬಿರುಕು ಸಮನಾಗಿ ಸೇರಿದರೆ ನಡುವಿನ ಕೋನ 360 ಭಾಗಿಸು 3, ಅಂದರೆ 120. ಷಡ್ಭುಜ ಜಾಸ್ತಿ ಕಾಣುವುದು ಇದರಿಂದ. ತಣ್ಣಗಾಗುವುದು ಎಲ್ಲ ಕಡೆ ಒಂದೇ ಸಮ ಇರಲಿಲ್ಲ, ಹಾಗಾಗಿ ಐದು, ಏಳು ಕೂಡ ಬಂದವು.

ಹೋದರೆ ಒಂದು ಕೆಲಸ ಮಾಡಿ. ಸೆಲ್ಫಿಗೆ ಮೊದಲು ಒಂದು ಕಲ್ಲಿನ ತಲೆಯನ್ನು ಮಗುವಿನ ಕೈಯಲ್ಲಿ ಪುಸ್ತಕದಲ್ಲಿ ಬರೆಸಿ, ಸೊಟ್ಟ ಇದ್ದ ಹಾಗೇ. ಮನೆಗೆ ಬಂದು ಒಂದು ಶೃಂಗದಿಂದ, ಅಂದರೆ ಮೂಲೆಯಿಂದ, ಕರ್ಣಗಳನ್ನು ಎಳೆಸಿ. ಆರು ಬದಿ ಇದ್ದರೆ ನಾಲ್ಕು ತ್ರಿಭುಜ ಸಿಗುತ್ತದೆ. ಒಂದು ತ್ರಿಭುಜದ ಕೋನಗಳ ಮೊತ್ತ 180. ನಾಲ್ಕು ಸಲ 180, ಒಟ್ಟು 720 ಡಿಗ್ರಿ. ಐದು ಬದಿಗೆ 540, ಏಳಕ್ಕೆ 900. ಕೋನಮಾಪಕ ಇಟ್ಟು ಒಂದೊಂದೇ ಕೋನ ಅಳೆದು ಕೂಡಿದರೂ ಒಂದೆರಡು ಡಿಗ್ರಿ ಆಚೀಚೆ ಅಷ್ಟೇ ಬರಬೇಕು, ಎಷ್ಟು ಸೊಟ್ಟ ಇದ್ದರೂ. ಮಳೆಗಾಲದಲ್ಲಿ ಬೋಟ್ ಇಲ್ಲ, ಅದು ನೆನಪಿರಲಿ. ಮತ್ತೆ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲೆಕ್ಕಕ್ಕೆ ಬೇಕು ಅಂತ ಕಲ್ಲಿನ ತುಂಡು ಹೆಕ್ಕಿ ತರಬೇಡಿ, ಪುಸ್ತಕದ ಚಿತ್ರವೇ ಸಾಕು.