ಅಂಡಮಾನಿಗೆ ವರ್ಗವಾದ ಎನ್‌ಎಚ್ 4

ರಾಜ್ಯದ ಇನ್ನೊಂದು ರಸ್ತೆಗೆ ರಾಷ್ಟ್ರೀಯ ಹೆದ್ದಾರಿ ಭಾಗ್ಯ ಬಂದಿದೆ. ಸುದ್ದಿ ನೀವೂ ಓದಿರುತ್ತೀರಿ. 'ಮೇಲ್ದರ್ಜೆಗೆ' ಏರಿದೆಯಂತೆ. ಗುಂಡಿಗಳು ಇದ್ದ ದರ್ಜೆಯಲ್ಲೇ ಇವೆ, ಪಾಪ. ಕಿಲೋಮೀಟರ್ ಕಲ್ಲಿನ ಹಸಿರು ತಲೆಗೆ ಹಳದಿ ಪೇಂಟು ಬೀಳುತ್ತದೆ, ನಕ್ಷೆಯಲ್ಲಿ ಗೆರೆ ದಪ್ಪ ಆಗುತ್ತದೆ. ಅಲ್ಲಿಗೆ ಅಭಿವೃದ್ಧಿ ಮುಗಿಯಿತು.

ಇದರಲ್ಲಿ ನಮ್ಮ ದೊಡ್ಡವರ ಕೈಚಳಕ ಮೆಚ್ಚಲೇಬೇಕು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಹಂಚಿದರು. ತುಮಕೂರು, ಹುಬ್ಬಳ್ಳಿ, ಬೆಳಗಾವಿ ಮೇಲೆ ಪುಣೆಗೆ ಹೋಗುತ್ತಿದ್ದ ಎನ್‌ಎಚ್ 4 ಈಗ 48. ಹಾಗಾದರೆ ಮೊದಲಿನ 48? ಅದು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ರಸ್ತೆ, ಈಗ 75. ಕರಾವಳಿಯ 17 ಹೋಗಿ 66 ಆಯಿತು. ಕೆಲಸ ಕಳೆದುಕೊಂಡ 4 ಎಲ್ಲಿಗೆ ಹೋಯಿತು ಗೊತ್ತಾ? ಅಂಡಮಾನಿಗೆ! ಪೋರ್ಟ್ ಬ್ಲೇರಿನಿಂದ (ಈಗ ಅದೂ ಶ್ರೀ ವಿಜಯಪುರಂ) ಕಾಡಿನ ನಡುವೆ ಉತ್ತರಕ್ಕೆ ಹೋಗುವ ರಸ್ತೆಗೆ ಈಗ ಆ ನಂಬರು. ಮಂಗಳೂರು-ಸೊಲ್ಲಾಪುರದ 13 ಅರುಣಾಚಲದಲ್ಲಿದೆ. ಸಚಿವರ ಕಣ್ಣಿಗೆ ಬಿದ್ದ ತಹಶೀಲ್ದಾರರಿಗೂ ಇಷ್ಟು ದೂರ ವರ್ಗ ಆಗಲ್ಲ. ಇದಕ್ಕೊಂದು ಲೆಕ್ಕ ಇದೆಯಂತೆ: ಉತ್ತರ-ದಕ್ಷಿಣದ ರಸ್ತೆಗೆ ಸಮ ಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ದೊಡ್ಡದು. ಸರಿ ಸ್ವಾಮಿ. ಲಾರಿ ಡ್ರೈವರುಗಳು ಮಾತ್ರ ಇವತ್ತಿಗೂ ಎನ್‌ಎಚ್ ಫೋರ್ ಅಂತಲೇ ಅನ್ನುತ್ತಾರೆ.

ಸರ್ವೆ ಆಫ್ ಇಂಡಿಯಾದ ಹಳೇ ನಕ್ಷೆಯ ಹಾಳೆ ಸಿಕ್ಕರೆ ಅಂಚು ನೋಡಿ. ಜಲ್ಲಿ ಹಾಕಿದ ರಸ್ತೆ, ಹಾಕದ ರಸ್ತೆ, ಗಾಡಿದಾರಿ, ಹೇರೆತ್ತಿನ ದಾರಿ, ಕಾಲುದಾರಿ ಅಂತ ಒಂದೊಂದಕ್ಕೂ ಒಂದೊಂದು ಗೆರೆ. ಹೊಳೆಗೆ ಸೇತುವೆ ಇದೆಯೋ, ನೀರಿಗಿಳಿದೇ ದಾಟಬೇಕೋ, ಅದೂ ಇರುತ್ತಿತ್ತು. ಮನೆ ಬಿಡುವ ಮೊದಲೇ ಹಣೆಬರಹ ತಿಳಿಯುತ್ತಿತ್ತು. ಈಗಿನ ರಾಜ್ಯ ರಸ್ತೆ ನಕ್ಷೆಯಲ್ಲಿ ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಅಂತ ಒಂದೊಂದಕ್ಕೆ ಒಂದೊಂದು ಬಣ್ಣ. ರಸ್ತೆ ಯಾರದ್ದು ಅಂತ ಗೊತ್ತಾಗುತ್ತದೆ, ಹೇಗಿದೆ ಅಂತ ಗೊತ್ತಾಗಲ್ಲ. ಬಣ್ಣದ ಉಪಯೋಗ ಇಲಾಖೆಗೇ ಜಾಸ್ತಿ. ಗುಂಡಿ ತೋರಿಸಿದರೆ "ಅದು ನಮ್ಮ ಲಿಮಿಟ್ ಅಲ್ಲ" ಅನ್ನಲು ಅನುಕೂಲ. ಮೇಲ್ದರ್ಜೆಗೆ ತಾತ್ವಿಕ ಒಪ್ಪಿಗೆ ಸಿಕ್ಕ ರಸ್ತೆಯಂತೂ ಅನಾಥ. ರಾಜ್ಯದವರು ಕೈ ತೊಳೆದುಕೊಂಡಿರುತ್ತಾರೆ, ಕೇಂದ್ರದವರ ಕೈಗೆ ಇನ್ನೂ ಬಂದಿರಲ್ಲ.

ಶಿರಾಡಿಯನ್ನೇ ನೋಡಿ. 48 ಇದ್ದಾಗಲೂ ಮಳೆಗೆ ಗುಡ್ಡ ಜಾರುತ್ತಿತ್ತು, 75 ಆದಮೇಲೂ ಜಾರುತ್ತಿದೆ. ನಕ್ಷೆಯಲ್ಲಿ ಅಲ್ಲೊಂದು ದಪ್ಪ ಗೆರೆ, ಮೇಲಿಂದ ಕೆಳಗೆ ಸಲೀಸು. ಜುಲೈ ಬಂತೆಂದರೆ ಅದೇ ಗೆರೆ ಮೇಲೆ ಲಾರಿ, ಬಸ್ಸು, ಆಂಬುಲೆನ್ಸ್ ಸಾಲುಗಟ್ಟಿ ನಿಂತಿರುತ್ತವೆ. ತಮಾಷೆ ಸಾಕು. ಎಷ್ಟು ವರ್ಷದಿಂದ ಇದೇ ಗೋಳು? ನಂಬರ್ ಬದಲಿಸಲು ಇದ್ದ ಉತ್ಸಾಹದ ಅರ್ಧದಷ್ಟನ್ನು ಗುಡ್ಡದ ಕಡೆ ತೋರಿಸಿದ್ದರೆ ಆಗುತ್ತಿರಲಿಲ್ಲವಾ?

ಅದೂ ಕೈಲಾಗಲ್ಲ ಅಂದರೆ, ಮುಂದಿನ ನಕ್ಷೆಯ ಮೂಲೆಯಲ್ಲಿ ಮಳೆಗಾಲದಲ್ಲಿ ಯಾವ ರಸ್ತೆಯಲ್ಲಿ ಹೋಗಬಹುದು ಅಂತಾದರೂ ಅಚ್ಚು ಹಾಕಿಸಿ. ಬಣ್ಣ ಯಾವುದಾದರೂ ನಡೆಯುತ್ತದೆ.