ಎಸ್ಕೇಪ್ ಆದ ಮೇಕೆ

ಇಂಗ್ಲಿಷ್ ಮಾತಾಡುವವರಲ್ಲಿ ಒಂದು ಗುಂಪಿದೆ. ಯಾರಾದರೂ 'ಲಿಟರಲಿ' ಅಂದ ಕೂಡಲೇ ಅವರ ಕಿವಿ ನೆಟ್ಟಗಾಗುತ್ತದೆ. 'ನಕ್ಕು ನಕ್ಕು ಲಿಟರಲಿ ಸತ್ತೇಹೋದೆ' ಎಂದು ಪಾಪ ಯಾರೋ ಹುಡುಗಿ ಹೇಳಿದರೆ, 'ಹಾಗಾದರೆ ಈಗ ಮಾತಾಡ್ತಿರೋದು ಯಾರು?' ಎಂದು ಕೇಳದೆ ಅವರಿಗೆ ಸಮಾಧಾನವಿಲ್ಲ. ಇದ್ದದ್ದು ಇದ್ದ ಹಾಗೆ ಹೇಳುವುದಕ್ಕೆ ಇರುವ ಪದ ಅದು. ಅದನ್ನೇ ಉತ್ಪ್ರೇಕ್ಷೆಗೆ ಹಚ್ಚಿದರೆ ಹೇಗೆ? ಎಲ್ಲ ಈಗಿನ ಹುಡುಗರ ಕೆಲಸ, ಅನ್ನುತ್ತಾರೆ.

ಈಗಿನ ಹುಡುಗರ ಮೇಲೆ ಸುಮ್ನೆ ಅಪವಾದ. 1769ರಲ್ಲಿ ಬಂದ ಫ್ರಾನ್ಸೆಸ್ ಬ್ರೂಕ್ ಅವರ ಕಾದಂಬರಿಯಲ್ಲೇ ಈ ಬಳಕೆ ಇದೆ. ಮಾರ್ಕ್ ಟ್ವೈನ್ ಕಥೆಯ ಟಾಮ್ ಸಾಯರ್ 1876ರಲ್ಲೇ 'ಲಿಟರಲಿ' ಸಂಪತ್ತಿನಲ್ಲಿ ಹೊರಳಾಡಿದ್ದಾನೆ. ಆ ಸಂಪತ್ತು ಅಂದರೆ ಗೋಲಿಗಳು, ಬಾಗಿಲಿನ ಹಿತ್ತಾಳೆ ಗುಬುಟು, ಒಕ್ಕಣ್ಣಿನ ಒಂದು ಬೆಕ್ಕಿನಮರಿ. ನಿಜಕ್ಕೂ ಹೊರಳಾಡಿದ್ದರೆ ಬೆಕ್ಕಿನಮರಿಯ ಗತಿ ಏನಾಗಬೇಕಿತ್ತೋ. ಆಕ್ಸ್‌ಫರ್ಡ್ ನಿಘಂಟಿನವರು 2011ರಲ್ಲಿ ಈ ಅರ್ಥಕ್ಕೆ ಜಾಗ ಕೊಟ್ಟರು. ಪತ್ರಿಕೆಗಳ ಕಣ್ಣಿಗೆ ಅದು ಬಿದ್ದದ್ದು 2013ರಲ್ಲಿ. ಆಮೇಲೆ ಗಲಾಟೆಯೋ ಗಲಾಟೆ. ಎರಡು ವರ್ಷ ಯಾರೂ ಆ ಪುಟ ತೆರೆದು ನೋಡಿರಲಿಲ್ಲ ಅಂತಾಯಿತು, ಅಲ್ವಾ?

ನಮ್ಮ ಟಿವಿಯವರ 'ಅಕ್ಷರಶಃ' ಇದರದೇ ತಂಗಿ. ಅಕ್ಷರಶಃ ಜನಸಾಗರ, ಅಕ್ಷರಶಃ ರಣರಂಗ. ಆದರೆ ಒಂದು ಮಾತು. ಲಿಟರಲಿ ಎಂಬುದರ ಬೇರಿನಲ್ಲಿರುವ ಲ್ಯಾಟಿನ್ ಪದಕ್ಕೂ ಅಕ್ಷರ ಎಂದೇ ಅರ್ಥ. ಬಾಯಲ್ಲಿ ಆಡುವ ಮಾತಿನಲ್ಲಿ ಅಕ್ಷರ ಎಲ್ಲಿಂದ ಬಂತು? ಅಲಂಕಾರ ಬೇಡ ಎಂದು ಕಾವಲಿಗೆ ನಿಲ್ಲಿಸಿದ ಪದವೇ ಒಂದು ಅಲಂಕಾರ.

ಇಂಗ್ಲಿಷಿನ ಶುದ್ಧ ಪದಗಳನ್ನು ಕೆರೆದು ನೋಡಿದರೆ ಇಂಥವೇ ಜಾಸ್ತಿ. ಮಸಲ್ ಅಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಇಲಿ. ತೋಳು ಮಡಚಿದಾಗ ಚರ್ಮದಡಿ ಏನೋ ಓಡಿದ ಹಾಗೆ ಯಾರಿಗೋ ಕಂಡಿರಬೇಕು. ಇವತ್ತು ಜಿಮ್ಮಿನಲ್ಲಿ ಕನ್ನಡಿ ಮುಂದೆ ನಿಂತವನಿಗೆ ತಾನು ಇಲಿ ಸಾಕುತ್ತಿದ್ದೇನೆ ಅನ್ನಿಸುವುದಿಲ್ಲ. ಸರಿಯಾದ ಪದದ ಕಥೆ ಇಷ್ಟೇ. ಒಳಗಿನ ಚಿತ್ರ ಅಳಿಸಿಹೋಗಿರುತ್ತದೆ. ತಪ್ಪು ಪದ ಹಾಗಲ್ಲ, ಅದರಲ್ಲಿ ಚಿತ್ರ ಇನ್ನೂ ಹಸಿಯಾಗಿರುತ್ತದೆ. ನನಗಂತೂ ಅದೇ ಇಷ್ಟ.

ಶೆರಿಡನ್ 1775ರ ನಾಟಕವೊಂದರಲ್ಲಿ ಮಿಸೆಸ್ ಮಾಲಪ್ರಾಪ್ ಎಂಬ ಹೆಂಗಸನ್ನು ತಂದರು. ದೊಡ್ಡ ದೊಡ್ಡ ಪದ ಬೇಕು, ಅರ್ಥದ ಗೊಡವೆ ಬೇಡ, ಅಂಥವಳು. ಹಠಮಾರಿ ಹುಡುಗಿಯನ್ನು ಬೈಯುತ್ತ, ನೈಲ್ ನದಿಯ ದಡದ 'ಆಲಿಗರಿ' ಇದ್ದ ಹಾಗೆ ಅನ್ನುತ್ತಾಳೆ. ಆಲಿಗರಿ ಅಂದರೆ ರೂಪಕದ ಕಥೆ. ಅವಳಿಗೆ ಬೇಕಾಗಿದ್ದದ್ದು ಆಲಿಗೇಟರ್, ಮೊಸಳೆಯ ಒಂದು ಬಗೆ. ನೋಡುವವರು ಇನ್ನೂರೈವತ್ತು ವರ್ಷದಿಂದ ನಗುತ್ತಿದ್ದಾರೆ. ಆದರೆ ನೈಲ್‌ನಲ್ಲಿರುವುದು ಕ್ರೊಕಡೈಲ್. ಆಲಿಗೇಟರ್ ಬೇಕಾದರೆ ಅಮೆರಿಕಕ್ಕೋ ಚೀನಾಕ್ಕೋ ಹೋಗಬೇಕು. ತಿದ್ದಿದವರೂ ಫೇಲು.

ಇನ್ನೊಂದು ಬಗೆಯ ತಪ್ಪಿದೆ, ಅದು ಕಿವಿಯದು. ಓಕ್ ಮರದ ಕಾಯಿಗೆ ಏಕಾರ್ನ್ ಎನ್ನುತ್ತಾರೆ. ಒಬ್ಬ ಹೆಂಗಸು ಅದನ್ನು 'ಎಗ್‌ಕಾರ್ನ್' ಎಂದು ಬರೆಯುತ್ತಿದ್ದರಂತೆ. ಕಾಯಿ ಮೊಟ್ಟೆಯ ಆಕಾರದಲ್ಲೇ ಇದೆಯಲ್ಲ, ತಪ್ಪೇನು? 2003ರಲ್ಲಿ ಭಾಷಾ ವಿದ್ವಾಂಸರು ಇಂಥ ಎಲ್ಲ ತಪ್ಪುಗಳಿಗೂ ಎಗ್‌ಕಾರ್ನ್ ಎಂದೇ ಹೆಸರಿಟ್ಟುಬಿಟ್ಟರು.

ಇವುಗಳಲ್ಲಿ ನನಗೆ ಅಚ್ಚುಮೆಚ್ಚಿನದು 'ಎಸ್ಕೇಪ್ ಗೋಟ್'. ಇರಬೇಕಾದ್ದು ಸ್ಕೇಪ್‌ಗೋಟ್, ಬೇರೆಯವರ ತಪ್ಪಿಗೆ ತಲೆ ಕೊಡುವವನು. ಎಸ್ಕೇಪ್ ಎಂದು ಬರೆದವರನ್ನು ಕಂಡು ಓದಿದವರು ನಗುತ್ತಾರೆ. ಆದರೆ ಆ ಸ್ಕೇಪ್ ಎಂಬುದು ತಲೆಕತ್ತರಿಸಿದ ಎಸ್ಕೇಪೇ! 1530ರಲ್ಲಿ ವಿಲಿಯಂ ಟಿಂಡೇಲ್ ಬೈಬಲ್ಲಿನ ಭಾಗವೊಂದನ್ನು ಇಂಗ್ಲಿಷಿಗೆ ತರುವಾಗ ಈ ಪದ ಕಟ್ಟಿದರು. ಅಲ್ಲಿ ಎರಡು ಮೇಕೆ ಬರುತ್ತವೆ. ಒಂದನ್ನು ಬಲಿ ಕೊಡುತ್ತಾರೆ. ಇನ್ನೊಂದರ ತಲೆಯ ಮೇಲೆ ಊರಿನ ಪಾಪವೆಲ್ಲ ಹೊರಿಸಿ ಮರುಭೂಮಿಗೆ ಅಟ್ಟುತ್ತಾರೆ. ಸ್ಕೇಪ್‌ಗೋಟ್ ಅಂದರೆ ಈ ಎರಡನೆಯದು, ಎಸ್ಕೇಪ್ ಆದದ್ದು. ಹೀಬ್ರೂ ಮೂಲದಲ್ಲಿರುವ 'ಅಜಾಜೆಲ್' ಎಂಬುದನ್ನು 'ಹೊರಟುಹೋಗುವ ಮೇಕೆ' ಎಂದು ಬಿಡಿಸಿ ಓದಿದ್ದರಿಂದ ಈ ಪದ ಹುಟ್ಟಿತು. ಅದು ಮರುಭೂಮಿಯ ಯಾವುದೋ ದೆವ್ವದ ಹೆಸರಿರಬೇಕು ಎಂದು ಈಗ ಹಲವು ಪಂಡಿತರು ಹೇಳುತ್ತಾರೆ. ಅಂದರೆ ಸರಿ ಪದವೇ ತಪ್ಪು ಓದಿನಿಂದ ಬಂದದ್ದಿರಬಹುದು. ತಪ್ಪು ಬರೆದವರು ಮಾತ್ರ ಟಿಂಡೇಲರ ಮನಸ್ಸಿನಲ್ಲಿದ್ದದ್ದನ್ನೇ ಬರೆದಿದ್ದಾರೆ.

ನಮ್ಮ ಪತ್ರಿಕೆಗಳು ಸ್ಕೇಪ್‌ಗೋಟನ್ನು 'ಬಲಿಪಶು' ಮಾಡಿಕೊಂಡಿವೆ. ಬಲಿಯಾದದ್ದು ಮೊದಲನೆಯ ಮೇಕೆ ಕಣ್ರೀ, ಇದಲ್ಲ, ಎಂದು ಸಂಪಾದಕರಿಗೊಂದು ಪತ್ರ ಹಾಕಬಹುದಿತ್ತು. ಆದರೆ ಮಿಶ್ನಾ ಎಂಬ ಯಹೂದಿ ಗ್ರಂಥ ಅದಕ್ಕೂ ಕಲ್ಲು ಹಾಕಿದೆ. ಮರುಭೂಮಿಗೆ ಅಟ್ಟಿದ ಮೇಕೆಯನ್ನೂ ಕಡೆಗೆ ಬಂಡೆಯ ತುದಿಯಿಂದ ಹಿಂದುಮುಂದಾಗಿ ತಳ್ಳಿಬಿಡುತ್ತಿದ್ದರು ಎಂದು ಅದರಲ್ಲಿ ಬರೆದಿದೆ.