ಡೇ ಕೇರ್‌ಗೆ ಬ್ಲಾಕ್ಸ್ ಕೊಡುವವರಿಗೆ: ಒಂದೇ ಜಾತಿಯದ್ದು ಕೊಡಿ, ರಾಶಿ ಕೊಡಿ

"ಮಗಳ ಹುಟ್ಟುಹಬ್ಬ, ನಿಮ್ಮಲ್ಲಿಯ ಮಕ್ಕಳಿಗೆ ಏನಾದರೂ ಕೊಡಬೇಕು ಅಕ್ಕೋರೇ" ಎಂದು ಕೇಳುವ ತಂದೆತಾಯಿ ನಮ್ಮ ಕಾರವಾರದಲ್ಲಿ ಬಹಳ. ತಮ್ಮ ಮಗುವಿನ ಜೊತೆ ಉಳಿದವರ ಮಕ್ಕಳೂ ನೆನಪಾಗುತ್ತಾರಲ್ಲ, ಅದು ದೊಡ್ಡ ಮಾತು. ಹೆಚ್ಚಿನವರು ತರುವುದು ಬಿಲ್ಡಿಂಗ್ ಬ್ಲಾಕ್ಸ್. ಒಬ್ಬರು ಜಾತ್ರೆಯ ಅಂಗಡಿಯಿಂದ, ಒಬ್ಬರು ಗೋವೆಗೆ ಹೋದಾಗ, ಇನ್ನೊಬ್ಬರು ಆನ್‌ಲೈನಿನಲ್ಲಿ. ಇದರ ಮೇಲಿನ ಉಬ್ಬು ಅದರ ಕೆಳಗಿನ ಟೊಳ್ಳಿಗೆ ಕೂರುವುದಿಲ್ಲ. ಕೂತರೂ ಬಿಡಿಸಲು ದೊಡ್ಡವರ ಹಲ್ಲೇ ಬೇಕು. ಕೊನೆಗೆ ಬುಟ್ಟಿ ತುಂಬಿರುತ್ತದೆ, ನಾಲ್ಕು ಮಕ್ಕಳು ಕೂತು ಕಟ್ಟುತ್ತೇವೆಂದರೆ ಸಾಮಾನು ಸಾಲುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಹತ್ತು ಬಗೆಯದ್ದು ಬೇಡ. ಒಂದೇ ಬಗೆಯದ್ದು ರಾಶಿ ಇರಲಿ. ಅಂಗಡಿಗೆ ಹೋಗುವ ಮೊದಲು ಡೇ ಕೇರ್‌ನಿಂದ ಒಂದು ತುಂಡು ಕೇಳಿ ತೆಗೆದುಕೊಂಡು ಹೋಗಿ, ಅಲ್ಲೇ ಕೂಡಿಸಿ ನೋಡಿ.

ಪ್ಲಾಸ್ಟಿಕ್ ಬ್ಲಾಕ್ಸ್ (ಅವರು ಇಟ್ಟಿಗೆ ಎನ್ನುತ್ತಾರೆ) ಮಾಡುವ ಡೆನ್ಮಾರ್ಕಿನ ಲೆಗೊ ಕಂಪನಿ ಅವುಗಳ ಈಗಿನ ಜೋಡಣೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆ ವರ್ಷದ ಇಟ್ಟಿಗೆ ಇವತ್ತಿನ ಇಟ್ಟಿಗೆಗೂ ಕೂಡುತ್ತದೆ. ಪುಟ್ಟ ಮಕ್ಕಳಿಗಾಗಿ 1969ರಲ್ಲಿ ಬಂದ ಅದೇ ಕಂಪನಿಯ ಡುಪ್ಲೊ ಇಟ್ಟಿಗೆ ಇದರ ಉದ್ದ, ಅಗಲ, ಎತ್ತರ ಮೂರರಲ್ಲೂ ಸರಿಯಾಗಿ ಎರಡು ಪಟ್ಟು. ಹಾಗಾಗಿ ಸಣ್ಣದು ದೊಡ್ಡದರ ಮೇಲೂ ಕೂರುತ್ತದೆ. ಎಂಟು ಉಬ್ಬಿನ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಎಷ್ಟು ರೀತಿ ಜೋಡಿಸಬಹುದು ಗೊತ್ತೇ? 91,51,03,765. ಬರೀ ಆರು ತುಂಡು! ಬೆಲೆ ನಮ್ಮಂಥವರಿಗೆ ಹೆಚ್ಚೇ, ಅದೇ ಕಂಪನಿಯದ್ದು ಆಗಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ದೇಶದಲ್ಲೇ ತಯಾರಾದ ಒಳ್ಳೆಯವು ಸಿಗುತ್ತವೆ. ಒಮ್ಮೆ ಒಂದನ್ನು ಆರಿಸಿದ ಮೇಲೆ ಅದನ್ನೇ ಬೆಳೆಸುತ್ತ ಹೋಗಿ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ನಾನು ರಾಜಿಗೆ ತಯಾರಿಲ್ಲ. ಮೂರು ವರ್ಷದೊಳಗಿನವರ ಕೈಗೆ ಸಣ್ಣ ತುಂಡು ಕೊಡಲೇಬಾರದು. ತುಂಡು ಅಪಾಯದಷ್ಟು ಸಣ್ಣದೇ ಎಂಬ ತಪಾಸಣೆಗೆ ಬಳಸುವ ಕೊಳವೆಯ ಬಾಯಿ 31.7 ಮಿಲಿಮೀಟರ್, ಅಂದರೆ ಸುಮಾರು ಒಂದೂಕಾಲು ಇಂಚು. ಅದರೊಳಗೆ ಪೂರ್ತಿ ಇಳಿದುಬಿಡುವ ತುಂಡು ಕೂಸಿನ ಗಂಟಲಲ್ಲೂ ಸಿಕ್ಕಿಕೊಳ್ಳಬಹುದು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಡಬ್ಬಿ ತಿರುಗಿಸಿ ಆ ಗುರುತು ಹುಡುಕಿ. ಚನ್ನಪಟ್ಟಣದ ಗೊಂಬೆಗಳಂಥ ಭೌಗೋಳಿಕ ಗುರುತಿನ (ಜಿಐ, ಅಂದರೆ ಆ ಊರಿನದ್ದೇ ಎಂಬ ಸರ್ಕಾರಿ ಮಾನ್ಯತೆಯ) ಕರಕುಶಲ ಸಾಮಾನಿಗೆ, ನೋಂದಾಯಿತರು ಮಾಡಿದ್ದಾದರೆ, ಇದರಿಂದ ವಿನಾಯಿತಿ ಇದೆ. ಅಂಥಲ್ಲಿ ಗುರುತಿಲ್ಲವೆಂದು ಹೆದರಬೇಕಾಗಿಲ್ಲ.

ಮರದ ಬ್ಲಾಕ್ಸ್ ನನಗೆ ಇನ್ನೂ ಇಷ್ಟ. ಉಬ್ಬಿಲ್ಲ, ತೂತಿಲ್ಲ, ತೂಕ ನೋಡಿಯೇ ನಿಲ್ಲಿಸಬೇಕು. ನ್ಯೂಯಾರ್ಕಿನಲ್ಲಿ ಶಾಲೆ ನಡೆಸುತ್ತಿದ್ದ ಕ್ಯಾರೊಲಿನ್ ಪ್ರ್ಯಾಟ್ ಎಂಬವರು ನೂರು ವರ್ಷದ ಹಿಂದೆಯೇ ಇದಕ್ಕೊಂದು ಲೆಕ್ಕ ಹಾಕಿಕೊಟ್ಟಿದ್ದಾರೆ: ದಪ್ಪ ಒಂದು ಪಾಲಾದರೆ ಅಗಲ ಎರಡು, ಉದ್ದ ನಾಲ್ಕು. ಎರಡು ಅರ್ಧ ಸೇರಿಸಿದರೆ ಒಂದು ಪೂರ್ತಿ ಎಂಬುದು ಮಗುವಿಗೆ ಕೈಯಲ್ಲೇ ಗೊತ್ತಾಗುತ್ತದೆ. ಶಿರಸಿ, ಯಲ್ಲಾಪುರ ಕಡೆಯವರು ಪರಿಚಯದ ಆಚಾರಿಯವರಿಗೆ ಹೇಳಿ ಉಳಿಕೆ ಸಾಗವಾನಿಯಲ್ಲೋ ಹಲಸಿನಲ್ಲೋ ಮಾಡಿಸಬಹುದು. ಅಳತೆ ಕೂದಲೆಳೆಯಷ್ಟೂ ತಪ್ಪಬಾರದು, ಅಂಚು ಉಜ್ಜಿ ನುಣುಪಾಗಿಸಬೇಕು. ನಮ್ಮ ಕರಾವಳಿಯಲ್ಲಿ ತೊಂದರೆ ಮಳೆಗಾಲದ್ದು. ಜೂನ್ ಬಂತೆಂದರೆ ಮರಕ್ಕೆ ಬೂಷ್ಟು. ಮುಚ್ಚಳದ ಡಬ್ಬಿಯಲ್ಲಿಡದೆ ಗಾಳಿಯಾಡುವ ಬುಟ್ಟಿಯಲ್ಲಿಡಿ, ಒಣಬಟ್ಟೆಯಿಂದ ಒರೆಸುತ್ತಿರಿ. ಪ್ಲಾಸ್ಟಿಕ್ಕಿನದ್ದನ್ನು ತೊಳೆದ ಮೇಲೆ ಟೊಳ್ಳು ಕೆಳಗೆ ಮಾಡಿ ಫ್ಯಾನ್ ಅಡಿ ಹರಡಿ, ಇಲ್ಲದಿದ್ದರೆ ಒಳಗೆ ನೀರು ನಿಂತು ನಾರುತ್ತದೆ. ನಮ್ಮ ಸಹಾಯಕಿ ಹಳೆ ಮೀನುಬಲೆಯ ತುಂಡಿನಿಂದ ಒಂದು ಚೀಲ ಹೊಲಿದುಕೊಟ್ಟಿದ್ದಾಳೆ. ಬ್ಲಾಕ್ಸ್ ಅದರಲ್ಲೇ ತುಂಬಿ ಬಕೆಟ್ಟಿನಲ್ಲಿ ಅದ್ದಿ ತೆಗೆಯುತ್ತೇವೆ.

ಇನ್ನು ಆಟ. ಡಬ್ಬಿ ಮೇಲಿನ ಚಿತ್ರ ತೋರಿಸಿ "ಹೀಗೇ ಮಾಡು" ಅನ್ನುವುದನ್ನು ದಯವಿಟ್ಟು ಬಿಡಿ. ವರ್ಷದ ಕೂಸು ಬ್ಲಾಕ್ ಹಿಡಿದು ತಿರುಗುತ್ತದೆ, ಕುಟ್ಟುತ್ತದೆ, ಕಚ್ಚುತ್ತದೆ. ಆಮೇಲೆ ಒಂದರ ಮೇಲೊಂದು ಇಡುತ್ತದೆ, ಸಾಲು ಮಾಡುತ್ತದೆ. ಮೂರರ ಆಸುಪಾಸಿನಲ್ಲಿ ಒಂದು ದಿನ ಎರಡು ಕಂಬ ನಿಲ್ಲಿಸಿ ಮೇಲೊಂದು ಅಡ್ಡ ಇಟ್ಟುಬಿಡುತ್ತದೆ. ಯಾರೂ ಹೇಳಿಕೊಟ್ಟಿರುವುದಿಲ್ಲ. ಆ ಹೊತ್ತಿಗೆ ಅದರ ಮುಖ ನೋಡಬೇಕು ನೀವು.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿ ನೀರಿಗೆ ಬಿತ್ತಲ್ಲ, ಆಮೇಲೆ ಎಷ್ಟೋ ದಿನ ನಮ್ಮಲ್ಲಿ ಅದೇ ಆಟ. ಸೇತುವೆ ಕಟ್ಟುವುದು, ಲಾರಿ ಬಿಡುವುದು, ಬೀಳಿಸುವುದು. "ಡ್ರೈವರ್ ಮಾಮನ್ನ ಮೇಲೆತ್ತಬೇಕು" ಎಂದು ಒಬ್ಬ, ಹಗ್ಗ ತರಲು ಓಡುವವಳು ಇನ್ನೊಬ್ಬಳು. ಮನೆಯಲ್ಲಿ ಕೊಂಕಣಿ ಆಡುವವರು, ಕನ್ನಡ ಆಡುವವರು, ನೌಕಾನೆಲೆಗೆ ವರ್ಗವಾಗಿ ಬಂದವರ ಹಿಂದಿ ಮಕ್ಕಳು, ಎಲ್ಲ ಒಂದೇ ಸೇತುವೆಯ ಸುತ್ತ. ಅಪಶಕುನದ ಆಟ, ನಿಲ್ಲಿಸಿ ಎಂದವರಿದ್ದರು. ನಾನು ನಿಲ್ಲಿಸಲಿಲ್ಲ. ದೊಡ್ಡವರು ಮನೆಯಲ್ಲಿ ಪಿಸುಗುಟ್ಟಿದ್ದೆಲ್ಲ ಆ ಮಕ್ಕಳ ತಲೆಯಲ್ಲಿತ್ತು, ಅದು ಹೊರಗೆ ಬರಲು ಬೇರೆ ದಾರಿ ಎಲ್ಲಿತ್ತು? ಬರಬರುತ್ತ ಕಂಬಗಳ ಬುಡಕ್ಕೆ ದೊಡ್ಡ ಬ್ಲಾಕ್ ಇಡತೊಡಗಿದರು, ಒಂದರ ಜಾಗದಲ್ಲಿ ಎರಡು ಕಂಬ ಕೊಟ್ಟರು. ಬುಟ್ಟಿಯಲ್ಲಿ ಒಂದೇ ಬಗೆಯ ಬ್ಲಾಕ್ಸ್ ಬೇಕಾದಷ್ಟಿದ್ದುದರಿಂದಲೇ ಅದು ಸಾಧ್ಯವಾಯಿತು.

ಡೇ ಕೇರ್ ನಡೆಸುವವರಿಗೂ ಒಂದು ಮಾತು. ಬ್ಲಾಕ್ಸ್ ಕಪಾಟಿನ ಮೇಲಿನ ತಟ್ಟೆಯಲ್ಲಿ ಶೋಕೇಸಿಗೆಂದು ಇಡಬೇಡಿ, ಮಗುವಿನ ಕೈಗೆ ಸಿಗುವಲ್ಲಿಡಿ. ನಡೆದಾಡುವ ದಾರಿ ಬಿಟ್ಟು ಒಂದು ಮೂಲೆ ಅದಕ್ಕೇ ಮೀಸಲಿರಲಿ. ಮಧ್ಯಾಹ್ನ ಮಲಗಿಸುವಾಗ ಕಟ್ಟಿದ್ದನ್ನು ಬಾಚಿ ಬುಟ್ಟಿಗೆ ಸುರಿಯಬೇಡಿ, ಎದ್ದು ಬಂದವರು ಅಲ್ಲಿಂದಲೇ ಮುಂದುವರಿಸುತ್ತಾರೆ. ಸಂಜೆ ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮಂದಿರೇ, ನಿಮಗೂ ಬಸ್ಸಿನ ಅವಸರ ಇರುತ್ತದೆ, ನನಗೆ ಗೊತ್ತು. ಆದರೂ ಕೈ ಹಿಡಿದು ಎಳೆಯುವ ಮೊದಲು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು "ಇದೇನು ಕಟ್ಟಿದ್ದು?" ಎಂದು ಕೇಳಿ, ಉತ್ತರ ಮುಗಿಯುವ ತನಕ ಅಲ್ಲೇ ಕೂತಿರಿ.